ಫೆಬ್ರವರಿಯ ಹಸಿರು ಹುಲ್ಲು: ಬಡಾವಣೆಯ ಕೊಳದ ವಿಷಯದಲ್ಲಿ ನಾವು ಮೋಸಹೋದ ಬಗೆ

ನಾರ್ತ್ ಕ್ಯಾರೊಲಿನಾದ ರಾಲಿ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಹಲವರು ಈಗ ತಮ್ಮ ಬಡಾವಣೆಯ ಎಚ್‌ಒಎ (ಮನೆಮಾಲೀಕರ ಸಂಘ) ಮಂಡಳಿಯಲ್ಲಿ ಇದ್ದೀರಿ ಎಂಬುದು ನನಗೆ ಗೊತ್ತು. ನಿಮ್ಮ ಬಡಾವಣೆಯ ತಗ್ಗಿನಲ್ಲಿ ಒಂದು ಕೊಳವಿದ್ದರೆ, ಅದರ ನೀರು ಚೆಂದವಾಗಿ ನೀಲಿಯಾಗಿ ಕಾಣುತ್ತಿದ್ದರೆ, ಅದನ್ನು ನೋಡಿಕೊಳ್ಳಲು ಯಾವುದೋ ಕಂಪನಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. 84 ಮನೆಗಳ ನಮ್ಮ ಸಂಘದ ಅಧ್ಯಕ್ಷನಾಗಿ ಮೂರು ವರ್ಷ ನಾನು ಸುಳ್ಳು ವರದಿಗಳನ್ನು ನನ್ನ ಕೈಯಾರೆ ಊರಿನ ಕಚೇರಿಗೆ ಸಲ್ಲಿಸಿದ್ದೇನೆ. ಸುಳ್ಳೆಂದು ತಿಳಿದು ಸಲ್ಲಿಸಲಿಲ್ಲ, ಆದರೆ ತಿಳಿಯುವ ಅವಕಾಶ ಇದ್ದಾಗಲೂ ನೋಡಲಿಲ್ಲ. ಕೋಪ ಕಂಪನಿಯ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ಈ ಕೊಳಗಳನ್ನು ತೋಡಿದ್ದು ಬಾತುಕೋಳಿಗಳಿಗಾಗಿ ಅಲ್ಲ. ಮನೆ, ರಸ್ತೆ, ಕಾಂಕ್ರೀಟು ಬಂದ ಮೇಲೆ ನೆಲಕ್ಕೆ ಇಂಗಬೇಕಾದ ಮಳೆನೀರು ಒಮ್ಮೆಲೇ ತೊರೆಗೆ ನುಗ್ಗುತ್ತದೆ. ನುಗ್ಗುವಾಗ ಮಣ್ಣನ್ನೂ ಹುಲ್ಲುಹಾಸಿಗೆ ಹಾಕಿದ ಗೊಬ್ಬರದ ಸಾರಜನಕ, ರಂಜಕಗಳನ್ನೂ ಹೊತ್ತೊಯ್ದು ಜೋರ್ಡನ್ ಲೇಕ್, ಫಾಲ್ಸ್ ಲೇಕ್‌ಗಳಿಗೆ ಸುರಿಯುತ್ತದೆ, ಮತ್ತು ಆ ಎರಡೂ ನಾವು ಕುಡಿಯುವ ನೀರಿನ ಮೂಲಗಳು. ಅದಕ್ಕಾಗಿಯೇ ಆ ನೀರನ್ನು ತಡೆದು, ಮಣ್ಣು ತಳದಲ್ಲಿ ಕೂರುವವರೆಗೆ ನಿಲ್ಲಿಸಿ, ನಿಧಾನವಾಗಿ ಬಿಡಬೇಕು. ಕರಾವಳಿಯಿಂದ ದೂರದ ನಮ್ಮಂಥ ಜಿಲ್ಲೆಗಳಲ್ಲಿ ಒಂದು ಇಂಚು ಮಳೆಯ ನೀರು ಕೊಳದಲ್ಲಿ ತಂಗಿ, ಎರಡರಿಂದ ಐದು ದಿನಗಳೊಳಗೆ ಸಣ್ಣದೊಂದು ರಂಧ್ರದ ಮೂಲಕ ಇಳಿದುಹೋಗಬೇಕು. ಬಿಲ್ಡರ್ ಮನೆಗಳನ್ನೆಲ್ಲ ಮಾರಿ ಹೊರಟುಹೋಗುತ್ತಾನೆ. ಕೊಳ, ಅದರ ಏರಿ, ಅದರ ಕೊಳವೆ ಎಲ್ಲವೂ ಸಂಘದ ಆಸ್ತಿಯಾಗಿ ನಮ್ಮ ತಲೆಗೆ ಬರುತ್ತವೆ. ನಿರ್ವಹಣೆಯ ಒಪ್ಪಂದವು ಆಸ್ತಿಪತ್ರಗಳ ಜೊತೆ ಕೌಂಟಿಯಲ್ಲಿ ನೋಂದಣಿಯಾಗಿರುತ್ತದೆ. ವರ್ಷಕ್ಕೊಮ್ಮೆ ಅರ್ಹತೆ ಪಡೆದವರು ಪರೀಕ್ಷಿಸಿದ ವರದಿಯನ್ನು ನಾವೇ ಊರಿನ ಕಚೇರಿಗೆ ಕೊಡಬೇಕು. ನಾನು ಆ ಒಪ್ಪಂದವನ್ನು ಮೊದಲ ಬಾರಿ ಓದಿದ್ದು ನೋಟಿಸು ಬಂದ ಮೇಲೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಕೊಳವನ್ನು ನೋಡಿಕೊಳ್ಳುತ್ತಿದ್ದ ಕಂಪನಿಗೆ ವರ್ಷಕ್ಕೆ 6,480 ಡಾಲರ್ ಕೊಡುತ್ತಿದ್ದೆವು. ತಿಂಗಳಿಗೊಮ್ಮೆ ಒಬ್ಬ ಹುಡುಗ ಪಿಕ್‌ಅಪ್ ಟ್ರಕ್ಕಿನಲ್ಲಿ ಬಂದು, ಪಾಚಿಗೆ ಔಷಧ ಸಿಂಪಡಿಸಿ, ನೀಲಿ ಬಣ್ಣವನ್ನು ನೀರಿಗೆ ಸುರಿದು ಹೋಗುತ್ತಿದ್ದ. ಆ ಬಣ್ಣ ಬಿಸಿಲು ಆಳಕ್ಕಿಳಿಯದಂತೆ ತಡೆದು ಪಾಚಿಯನ್ನು ಹತ್ತಿಕ್ಕುತ್ತದೆ, ಅದು ನಿಜ. ಆದರೆ ಅದೇ ಬಣ್ಣ ತಳದಲ್ಲಿ ಎಷ್ಟು ಹೂಳು ತುಂಬಿದೆ ಎಂಬುದನ್ನೂ ನಮ್ಮ ಕಣ್ಣಿನಿಂದ ಮರೆಮಾಡುತ್ತದೆ. ನೀರು ನೀಲಿಯಾಗಿದೆ, ಕಾರಂಜಿ ಚಿಮ್ಮುತ್ತಿದೆ, ನಿವಾಸಿಗಳಿಂದ ದೂರಿಲ್ಲ. ಅಂದಮೇಲೆ ಕೊಳ ಚೆನ್ನಾಗಿದೆ ಎಂದು ನಾವು ತಿಳಿದೆವು. ಪ್ರತಿ ಫೆಬ್ರವರಿಯಲ್ಲಿ ಹದಿನಾಲ್ಕು ಚಿತ್ರಗಳಿರುವ ಒಂದು ವರದಿ ಬರುತ್ತಿತ್ತು. ಏರಿ: ತೃಪ್ತಿಕರ. ರೈಸರ್ (ಕೊಳದ ನೀರನ್ನು ಹೊರಬಿಡುವ ತೂಬು): ತೃಪ್ತಿಕರ. ಹೂಳಿನ ಮಟ್ಟ: ತೃಪ್ತಿಕರ. ವಾರ್ಷಿಕ ಸಭೆಯಲ್ಲಿ ನಾನು ಆ ಪುಟವನ್ನು ತೆರೆಯ ಮೇಲೆ ತೋರಿಸಿ, ಎಲ್ಲವೂ ತೃಪ್ತಿಕರವಾಗಿದೆ ಎಂದು ಹೇಳಿ, ಚಪ್ಪಾಳೆಯನ್ನೂ ಪಡೆದೆ.

2024ರ ಬೇಸಿಗೆಯಲ್ಲಿ ಮುಳಬಾಗಿಲಿನ ಕಡೆಯಿಂದ ನಮ್ಮ ಮಾವ ಬಂದಿದ್ದರು. ಕೆರೆಯ ನೀರು ನಂಬಿ ಬದುಕಿದವರು, ಅವರ ದೊಡ್ಡಪ್ಪ ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಊರಿನ ನೀರುಗಂಟಿಯಾಗಿದ್ದವರು. ಸಂಜೆಯ ಹೊತ್ತು ಕೊಳವನ್ನು ಒಂದು ಸುತ್ತು ಹಾಕಿ ಬಂದವರು ಚಪ್ಪಲಿ ಬಿಡುತ್ತಲೇ, “ಏನಪ್ಪಾ, ಕಟ್ಟೆ ಮೇಲೆ ಇಷ್ಟಿಷ್ಟು ದಪ್ಪ ಮರ ಬಿಟ್ಟಿದೀರಲ್ಲ? ಕಟ್ಟೆ ಹಿಂದುಗಡೆ ಜೌಗು ಬೇರೆ ಇದೆ, ಕಾಲು ಹೂತ್ಕೊಳ್ತು” ಎಂದರು. ನಾನು ಏನು ಹೇಳಿದೆ ಗೊತ್ತೇ? “ಮಾವ, ಇಲ್ಲಿ ಅದಕ್ಕೆಲ್ಲ ಸರ್ಟಿಫಿಕೇಟ್ ಇರೋರು ಬಂದು ನೋಡ್ತಾರೆ, ನೀವು ಯೋಚನೆ ಮಾಡ್ಬೇಡಿ” ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಏರಿ, ತೂಬು, ಕೋಡಿ, ಹೂಳು ಎಂಬ ಮಾತುಗಳನ್ನು ಕೇಳಿಕೊಂಡೇ ಬೆಳೆದ ನನಗೆ, ಇಂಗ್ಲಿಷಿನಲ್ಲಿ ಅವೇ ನಾಲ್ಕು ವಸ್ತುಗಳ ಮುಂದೆ ‘ತೃಪ್ತಿಕರ’ ಎಂದು ಬರೆದ ಕಾಗದ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಂಡಿತು.

2025ರ ಜುಲೈ ಮೊದಲ ವಾರದಲ್ಲಿ ಶಾಂಟಾಲ್ ಚಂಡಮಾರುತದ ಉಳಿಕೆ ಈ ಭಾಗದ ಮೇಲೆ ಸುರಿಯಿತು. ಮಳೆ ನಿಂತು ಐದು ದಿನವಾಯಿತು, ಎಂಟು ದಿನವಾಯಿತು, ಹತ್ತು ದಿನವಾಯಿತು, ಕೊಳದ ನೀರು ಇಳಿಯಲಿಲ್ಲ. ನಡೆದಾಡುವ ದಾರಿ ಮುಳುಗಿಯೇ ಇತ್ತು. ಕಂಪನಿಗೆ ಫೋನ್ ಮಾಡಿದರೆ, “ಅಸಾಮಾನ್ಯ ಮಳೆ, ಎಲ್ಲ ಕೊಳಗಳೂ ಹೀಗೇ ಇವೆ” ಎಂಬ ಉತ್ತರ ಬಂತು. ರಸ್ತೆಯಾಚೆಯ ಬಡಾವಣೆಯ ಕೊಳ ನಾಲ್ಕನೇ ದಿನಕ್ಕೇ ಇಳಿದಿತ್ತು. ನಮ್ಮ ನಿವಾಸಿಗಳಲ್ಲೇ ಒಬ್ಬರು ಊರಿನ ಕಚೇರಿಗೆ ದೂರು ಕೊಟ್ಟರು. ಆಗ ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಕ್ಷಮೆ ಕೇಳಿದ್ದೇನೆ.

ಆಗಸ್ಟಿನಲ್ಲಿ ಊರಿನ ಇನ್ಸ್‌ಪೆಕ್ಟರ್ ಬಂದರು. ಬೂಟು ಹಾಕಿಕೊಂಡು ಒಂದು ಉದ್ದನೆಯ ಅಳತೆಗೋಲು ಹಿಡಿದು ಒಂದೂವರೆ ತಾಸು ಸುತ್ತಿದರು. ನೀರು ಮೊದಲು ಬಂದು ಬೀಳುವ ಫೋರ್‌ಬೇ ಎಂಬ ಗುಂಡಿಯಲ್ಲಿ ಗೋಲು ಮೊಣಕಾಲೆತ್ತರಕ್ಕೂ ಇಳಿಯಲಿಲ್ಲ. ನೀರನ್ನು ಹೊರಬಿಡುವ ರೈಸರಿನ ರಂಧ್ರ ಎಲೆ, ಪ್ಲಾಸ್ಟಿಕ್ಕು, ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿತ್ತು. ಏರಿಯ ಮೇಲೆ ಪೈನ್, ಸ್ವೀಟ್‌ಗಮ್ ಮರಗಳು ತೊಡೆಯಷ್ಟು ದಪ್ಪ ಬೆಳೆದಿದ್ದವು. ಅವುಗಳ ಬೇರು ಹಿಡಿದು ನೀರು ದಾರಿ ಮಾಡಿಕೊಳ್ಳುತ್ತದೆ, ಮರ ಬಿದ್ದರೆ ಬೇರಿನ ಜೊತೆ ಏರಿಯ ಮಣ್ಣೂ ಕಿತ್ತುಬರುತ್ತದೆ ಎಂದು ಅವರು ವಿವರಿಸುತ್ತಿದ್ದಾಗ ನಾನು ಏರಿಯ ಹಿಂದಿನ ಜೌಗಿನಲ್ಲಿಯೇ ನಿಂತಿದ್ದೆ. ಒಂದು ವಾರದಲ್ಲಿ ನೋಟಿಸು ಬಂತು. 30 ದಿನಗಳಲ್ಲಿ ದುರಸ್ತಿಯ ಯೋಜನೆ ಕೊಡಬೇಕು, ಕೊಡದಿದ್ದರೆ ದಂಡ.

ಉತ್ತರ ಬರೆಯಲೆಂದು ಫೆಬ್ರವರಿಯ ವರದಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ನನ್ನ ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, “ರೀ, ಫೆಬ್ರವರಿಯಲ್ಲಿ ನಮ್ಮ ಹುಲ್ಲು ಯಾವತ್ತಾದರೂ ಹಸಿರಾಗಿತ್ತಾ?” ಎಂದಳು. ನಮ್ಮ ಸಾಮಾನ್ಯ ಜಾಗದಲ್ಲೆಲ್ಲ ಇರುವುದು ಬರ್ಮುಡಾ ಹುಲ್ಲು. ಚಳಿ ಬಿದ್ದ ಮೇಲೆ ಅದು ಒಣಗಿದ ರಾಗಿಹುಲ್ಲಿನ ಬಣ್ಣಕ್ಕೆ ತಿರುಗಿ, ವಸಂತದವರೆಗೂ ಹಾಗೆಯೇ ಇರುತ್ತದೆ. ಚಿತ್ರದಲ್ಲಿ ಅದು ಕಣ್ಣು ಕುಕ್ಕುವಂತೆ ಹಸಿರಾಗಿತ್ತು. ಮೇಲೆ ದಿನಾಂಕ ಫೆಬ್ರವರಿ 11. ಹಿಂದಿನ ವರ್ಷದ ವರದಿ ತೆಗೆದೆ. ಅದರ ಹಿಂದಿನದನ್ನೂ ತೆಗೆದೆ. ಹದಿನಾಲ್ಕರಲ್ಲಿ ಹನ್ನೊಂದು ಚಿತ್ರಗಳು ಮೂರು ವರ್ಷವೂ ಅವೇ. ಅದೇ ಮೋಡ, ಅದೇ ನೆರಳು, ರೈಸರಿನ ಜಾಲರಿಗೆ ಸಿಕ್ಕ ಅದೇ ಟೆನ್ನಿಸ್ ಚೆಂಡು. ಮೂರು ವರ್ಷ ಆ ಚೆಂಡನ್ನು ನಾನು ನೋಡಿದ್ದೇನೆ. ಮೂರು ವರ್ಷ ಸಭೆಯ ತೆರೆಯ ಮೇಲೆ ಅದನ್ನು ಎಲ್ಲರಿಗೂ ತೋರಿಸಿದ್ದೇನೆ. ಒಮ್ಮೆಯೂ ಅನುಮಾನ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಂಪನಿಯವರ ಉತ್ತರಗಳನ್ನು ಬಂದ ಕ್ರಮದಲ್ಲಿಯೇ ಹೇಳುತ್ತೇನೆ, ಏಕೆಂದರೆ ನಿಮಗೂ ಇವೇ ಉತ್ತರಗಳು ಬರಬಹುದು. ಮೊದಲು, “ಕಚೇರಿಯ ತಪ್ಪಿನಿಂದ ಹಳೆಯ ಚಿತ್ರವೊಂದು ಸೇರಿಕೊಂಡಿದೆ, ವಿಷಾದಿಸುತ್ತೇವೆ” ಎಂದರು. ಹನ್ನೊಂದು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕಳುಹಿಸಿದಾಗ, “ಸ್ಥಿತಿಯಲ್ಲಿ ಬದಲಾವಣೆ ಇಲ್ಲದಿದ್ದಾಗ ಚಿತ್ರವನ್ನು ಬದಲಿಸುವ ಅಗತ್ಯವಿರುವುದಿಲ್ಲ” ಎಂದರು. ಈ ವಾಕ್ಯವನ್ನು ನಾನು ನಾಲ್ಕೈದು ಬಾರಿ ಓದಿದೆ. ಹಾಗಾದರೆ ಬಂದು ನೋಡಿದ್ದು ಯಾವಾಗ ಎಂದು ಕೇಳಿದೆ, ಅದಕ್ಕೆ ಉತ್ತರವಿಲ್ಲ. ಮರಗಳ ಬಗ್ಗೆ ಕೇಳಿದಾಗ, “ನಮ್ಮ ಕರಾರು ನೀರಿನ ನಿರ್ವಹಣೆಗೆ ಮಾತ್ರ, ಏರಿ ನಮ್ಮ ವ್ಯಾಪ್ತಿಯಲ್ಲಿಲ್ಲ” ಎಂದರು. ವ್ಯಾಪ್ತಿಯಲ್ಲಿಲ್ಲದ ಏರಿಗೆ ತೃಪ್ತಿಕರ ಎಂಬ ಅಂಕ ಕೊಟ್ಟವರು ಯಾರು ಎಂದು ಬರೆದೆ. ಆಗ ಬಂದ ಉತ್ತರ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು: “ವರದಿಯನ್ನು ಪರಿಶೀಲಿಸಿ ಊರಿನ ಕಚೇರಿಗೆ ಸಲ್ಲಿಸಿದವರು ತಾವೇ ಅಲ್ಲವೇ?” ಹೌದು, ನಾನೇ. ಕೊನೆಯ ಪುಟದಲ್ಲಿ ನನ್ನ ಸಹಿಯೇ ಇದೆ.

ಇದಾದ ಎರಡೇ ದಿನಕ್ಕೆ ಅದೇ ಕಂಪನಿಯಿಂದ ಹೂಳೆತ್ತುವ ದರಪಟ್ಟಿ ಬಂತು. ಆರು ತಿಂಗಳ ಹಿಂದೆ ತೃಪ್ತಿಕರವಾಗಿದ್ದ ಕೊಳದಲ್ಲಿ ಈಗ 900 ಘನ ಗಜ ಹೂಳಿದೆಯಂತೆ, 1,18,000 ಡಾಲರ್ ಆಗುತ್ತದೆಯಂತೆ, ಹಳೆಯ ಗ್ರಾಹಕರಾದ್ದರಿಂದ ಐದು ಶೇಕಡಾ ರಿಯಾಯಿತಿಯಂತೆ. ಅಳೆದವರು ಯಾರು, ಯಾವ ದಿನ, ಯಾವ ಸಾಧನದಿಂದ ಎಂದು ಕೇಳಿದರೆ “ನಮ್ಮ ಅನುಭವದ ಅಂದಾಜು” ಎಂದರು. ನಾವು ಬೇರೊಬ್ಬ ಎಂಜಿನಿಯರನ್ನು ಕರೆಸಿ, ದೋಣಿ ಇಳಿಸಿ ತಳವನ್ನು ಅಳೆಸಿದೆವು. 340 ಘನ ಗಜ ಇತ್ತು, ಅದರಲ್ಲಿ ಬಹುಪಾಲು ಫೋರ್‌ಬೇಯಲ್ಲಿಯೇ ಇತ್ತು. ರೈಸರಿನ ರಂಧ್ರವನ್ನು ಇಬ್ಬರು ಆಳುಗಳು ಒಂದು ಬೆಳಗಿನೊಳಗೆ ಬಿಡಿಸಿದರು. ಒಂದು ಬೆಳಗು! ಅದಕ್ಕಾಗಿ ಮೂರು ವರ್ಷ ಹಣ ಕಟ್ಟಿದ್ದೆವು. ಮರ ಕಡಿದು, ಬೇರು ತೆಗೆದು, ಏರಿಗೆ ಮತ್ತೆ ಮಣ್ಣು ದಮ್ಮಸು ಮಾಡಿ, ಹೂಳು ಸಾಗಿಸಿ ಒಟ್ಟು 41,400 ಡಾಲರ್ ಖರ್ಚಾಯಿತು. ಸಂಘದ ಮೀಸಲು ನಿಧಿಯಲ್ಲಿ ಇದಕ್ಕೆಂದು ಇದ್ದದ್ದು 12,000. ಉಳಿದದ್ದಕ್ಕೆ ಮನೆಗೆ 350 ಡಾಲರ್‌ನಂತೆ ವಿಶೇಷ ವಂತಿಗೆ ಹಾಕಿದೆವು. ಆ ಸಭೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ನಿವೃತ್ತರಾದ ಒಬ್ಬ ಹೆಂಗಸು ಮಾತ್ರ, ಕಂತುಗಳಲ್ಲಿ ಕಟ್ಟಬಹುದೇ ಎಂದು ಮೆಲ್ಲಗೆ ಕೇಳಿದರು.

ನಾನು ಹೇಳುವುದಿಷ್ಟು. ಪಾಚಿಗೆ ಔಷಧ ಹೊಡೆಯುವವರಿಂದಲೇ ವಾರ್ಷಿಕ ಪರೀಕ್ಷೆ ಮಾಡಿಸಬೇಡಿ, ಪರೀಕ್ಷೆ ಮಾಡಿದವರಿಗೇ ಹೂಳೆತ್ತುವ ಕೆಲಸ ಕೊಡಬೇಡಿ. ಸಹಿ ಹಾಕುವವರ ಅರ್ಹತೆಯನ್ನು ನೀವೇ ನೋಡಿ; ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯ ಈ ಪರೀಕ್ಷಕರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತದೆ, ಅದನ್ನು ಅವಧಿಗೊಮ್ಮೆ ನವೀಕರಿಸಿಕೊಳ್ಳಬೇಕು, ಮತ್ತು ನಮ್ಮ ವರದಿಗೆ ಸಹಿ ಹಾಕಿದವರ ಪ್ರಮಾಣಪತ್ರದ ಅವಧಿ ಮುಗಿದುಹೋಗಿತ್ತು. ಒಂದು ಫೋನ್ ಕರೆಯಲ್ಲಿ ತಿಳಿಯುತ್ತಿದ್ದ ಸಂಗತಿ. ಪರೀಕ್ಷೆಯ ದಿನ ಮಂಡಳಿಯ ಒಬ್ಬರು ಅವರ ಜೊತೆ ನಡೆಯಲಿ. ಹೂಳಿನ ಆಳಕ್ಕೆ ‘ತೃಪ್ತಿಕರ’ ಎಂಬ ಪದವನ್ನು ಒಪ್ಪಬೇಡಿ, ಅಡಿ-ಇಂಚುಗಳಲ್ಲಿ ಬರೆಯಿಸಿಕೊಳ್ಳಿ. ದೊಡ್ಡ ಮಳೆಯ ಮಾರನೆಯ ದಿನದಿಂದ ಐದು ದಿನ ಕೊಳಕ್ಕೆ ನೀವೇ ಹೋಗಿ, ನೀರು ಎಲ್ಲಿಗೆ ಇಳಿದಿದೆ ಎಂದು ನೋಡಿ. ಇದಕ್ಕೆ ಯಾವ ಸರ್ಟಿಫಿಕೇಟೂ ಬೇಕಿಲ್ಲ. ಮನೆಗೆ ಬಂದ ಹಿರಿಯರು ಏನಾದರೂ ಹೇಳಿದರೆ, ನನ್ನ ಹಾಗೆ ಉತ್ತರ ಕೊಡಬೇಡಿ.

ಮಾವನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, “ಜೌಗು ನಿಂತಿತಾ?” ಎಂದಷ್ಟೇ ಕೇಳಿದರು. ನಿಂತಿದೆ ಎಂದೆ.

ನಮ್ಮ ವಕೀಲರು ಕಂಪನಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಈ ಜನವರಿಯಲ್ಲಿ ಮಾತ್ರ ಅವರಿಂದ ಒಂದು ಲಕೋಟೆ ಬಂತು. ಬಿಚ್ಚಿದರೆ ಕರಾರು ನವೀಕರಣದ ಬಿಲ್ಲು, ಡೀಸೆಲ್ ದರದ ಕಾರಣಕ್ಕೆ ನಾಲ್ಕು ಶೇಕಡಾ ಹೆಚ್ಚಳ. ಜೊತೆಗೆ, ಫೆಬ್ರವರಿಯ ವಾರ್ಷಿಕ ಪರೀಕ್ಷೆಗೆ ದಿನ ಗೊತ್ತುಮಾಡಿಕೊಳ್ಳಿ ಎಂಬ ಒಂದು ಚೀಟಿ.