ಹಾಸನದಲ್ಲಿ ಕೂತು ಬೆಂಗಳೂರಿನ ಪಾರ್ಕಿಗೆ ವಾರ್ಷಿಕ ಪಾಸ್: ಒಂದು ವರ್ಷ ಬಳಸಿದ ಮೇಲೆ ನನ್ನ ಲೆಕ್ಕ

2025ರ ಜನವರಿ 12ರಂದು ತಗೊಂಡ ಪಾಸ್ ಈ ಜನವರಿ 11ಕ್ಕೆ ಮುಗಿಯಿತು. ಮತ್ತೆ ಮಾಡಿಸಲಿಲ್ಲ. "ಹೇಗಿತ್ತು, ನಾವೂ ತಗೊಳ್ಳೋಣವಾ" ಎಂದು ನಮ್ಮ ಬೀದಿಯಲ್ಲೇ ಮೂರು ಮನೆಯವರು ಕೇಳಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಪಾರ್ಕಿನ ಹೆಸರು ಬೇಡ. ಬೆಂಗಳೂರಿನ ಹೊರಗೆ, ನೀರಿನ ಆಟವೂ ಒಣ ಆಟವೂ ಇರುವ ಒಂದು ಪಾರ್ಕ್ ಅಂದುಕೊಳ್ಳಿ, ಸಾಕು. ನಾವು ನಾಲ್ಕು ಜನ. ನಾನು ಇಲ್ಲೇ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮನೆಯವರದು ಎಲೆಕ್ಟ್ರಿಕಲ್ ಅಂಗಡಿ, ಭಾನುವಾರ ಮಾತ್ರ ರಜೆ. ಮಗಳಿಗೆ ಹದಿಮೂರು, ಮಗನಿಗೆ ಹತ್ತು.

ಜಾಹೀರಾತಿನಲ್ಲಿ ದೊಡ್ಡದಾಗಿ ಇದ್ದದ್ದು ₹3,799. ಅದರ ಮೇಲೆ 18% ಜಿಎಸ್‌ಟಿ ಸೇರಿದರೆ ಒಬ್ಬರಿಗೆ ₹4,483. ಮೊದಲು ಪಾರ್ಕುಗಳಿಗೆ 28% ಇತ್ತು, 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ಅಷ್ಟರ ಮಟ್ಟಿಗೆ ಪುಣ್ಯ. ನಾಲ್ಕು ಜನಕ್ಕೆ ಹತ್ತಿರ ಹತ್ತಿರ ಹದಿನೆಂಟು ಸಾವಿರ ಕಟ್ಟಿದೆವು. ದಿನದ ಟಿಕೆಟ್ ಶನಿವಾರ ಭಾನುವಾರ ದೊಡ್ಡವರಿಗೆ ₹1,500, ಚಿಕ್ಕವರಿಗೆ ₹1,200. ವಾರದ ದಿನಗಳಲ್ಲಿ ₹1,250 ಮತ್ತು ₹1,000. ಮಗಳು 140 ಸೆಂಟಿಮೀಟರ್ ದಾಟಿರುವುದರಿಂದ ಅವಳಿಗೂ ದೊಡ್ಡವರ ದರವೇ. ಅಂದರೆ ಒಂದು ಭಾನುವಾರಕ್ಕೆ ₹5,700. "ನಾಲ್ಕು ಸಲ ಹೋದರೆ ದುಡ್ಡು ವಾಪಸ್ ಬಂದ ಹಾಗೆ ಕಣೇ, ವರ್ಷಕ್ಕೆ ನಾಲ್ಕು ಸಲ ಹೋಗಲ್ವಾ?" ಎಂದರು ಇವರು. ನನಗೂ ಸರಿ ಅನಿಸಿತು. ಅಂಗಡಿ ಇಟ್ಟವರ ಬಾಯಲ್ಲಿ ಬಂದ ಲೆಕ್ಕ ಅಲ್ವಾ.

ಆ ಲೆಕ್ಕದಲ್ಲಿ ಭಾನುವಾರಗಳು ಇರಲಿಲ್ಲ.

ಪಾಸ್ ಕೈಗೆ ಬಂದ ಮೇಲೆ ಅದರ ಹಿಂದಿನ ಸಣ್ಣ ಅಕ್ಷರ ಓದಿದೆ. ಪಾಸ್ ನಡೆಯದ ದಿನಗಳ ಪಟ್ಟಿ ಅಲ್ಲಿತ್ತು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಎಲ್ಲ ಶನಿವಾರ ಭಾನುವಾರ, ದಸರಾ ವಾರ, ದೀಪಾವಳಿ, ಡಿಸೆಂಬರ್ 20ರಿಂದ ಜನವರಿ 4, ಜೊತೆಗೆ ಸರ್ಕಾರಿ ರಜೆಗಳು. ಅಡುಗೆಮನೆಯ ಕ್ಯಾಲೆಂಡರ್ ಇಳಿಸಿಕೊಂಡು ಕೆಂಪು ಪೆನ್ನಿನಲ್ಲಿ ಹೊಡೆಯುತ್ತಾ ಹೋದೆ. ವರ್ಷಕ್ಕೆ 52 ಭಾನುವಾರ. ಪಾಸಿನವರು ತೆಗೆದದ್ದು ಹದಿಮೂರು. ಅಂದರೆ ಮಕ್ಕಳಿಗೆ ಸ್ಕೂಲು ಇಲ್ಲದ, ನಮಗೂ ಬಿಡುವಿರುವ ದಿನಗಳೇ ಅವು. ಉಳಿದ 39ರಲ್ಲಿ ಮಾರ್ಚ್ ಪರೀಕ್ಷೆಗೆ ಹೋಯಿತು. ಮದುವೆ, ಗೃಹಪ್ರವೇಶ, ತಿಥಿಗೆ ಒಂದಿಷ್ಟು ಹೋದವು. ನನ್ನ ತವರು ಚಿಕ್ಕಮಗಳೂರಿನ ಕಡೆ, ಆಲ್ದೂರಿನ ಹತ್ತಿರ. ಕಾಫಿ ಕುಯ್ಲು ಶುರುವಾದರೆ ಡಿಸೆಂಬರ್, ಜನವರಿಯಲ್ಲಿ ಎರಡು ಮೂರು ಭಾನುವಾರ ಅಲ್ಲಿಗೆ ಹೋಗಲೇಬೇಕು. ಇನ್ನು ಅಕ್ಟೋಬರ್ ಬಂದರೆ ಹಾಸನಾಂಬೆ.

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಹಾಸನಾಂಬೆ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ, ಕೆಲವೇ ದಿನ. ಆ ದಿನಗಳಲ್ಲಿ ಹಾಸನದಲ್ಲಿ ಮನೆ ಇದ್ದವರ ಮನೆ ಮನೆಯಲ್ಲ, ಛತ್ರ. ಇವರ ದೊಡ್ಡಮ್ಮನ ಮಕ್ಕಳು, ಅವರ ಬೀಗರು, ಬೀಗರ ಪಕ್ಕದ ಮನೆಯವರು, ಎಲ್ಲರೂ ಬರುತ್ತಾರೆ. ಕಳೆದ ಸಲ ಒಂದೇ ದಿನ ಹನ್ನೊಂದು ಜನಕ್ಕೆ ಉಪ್ಪಿಟ್ಟು ಕೆದಕಿದ್ದೇನೆ. ಆಗ ಪಾರ್ಕು ಎಂದರೆ ಬೈಸಿಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಹೊಡೆದ ಮೇಲೆ ಕ್ಯಾಲೆಂಡರಿನಲ್ಲಿ ಉಳಿದದ್ದು ಹನ್ನೊಂದು ಭಾನುವಾರ. ಅದರಲ್ಲಿ ಯಾರಿಗೂ ಜ್ವರ ಬರಬಾರದು, ಇವರಿಗೆ ಅಂಗಡಿಯ ಸ್ಟಾಕ್ ನೋಡುವ ಕೆಲಸ ಬರಬಾರದು. ಈ ಕೆಲಸ ದುಡ್ಡು ಕಟ್ಟುವ ಮೊದಲೇ ಮಾಡಬೇಕಿತ್ತು. ನೀವಾದರೂ ಮಾಡಿ. ಹತ್ತು ನಿಮಿಷ ಸಾಕು.

ಕೊನೆಗೆ ನಾವು ಹೋದದ್ದು ಐದು ಸಲ. ಫೆಬ್ರವರಿಯ ಒಂದು ಭಾನುವಾರ ನಾಲ್ಕೂ ಜನ. ಏಪ್ರಿಲ್‌ನಲ್ಲಿ ಒಂದು ಬುಧವಾರ ಅಂಗಡಿಗೆ ಬೀಗ ಹಾಕಿ ನಾಲ್ಕೂ ಜನ. ಜೂನ್‌ನಲ್ಲಿ ಒಂದು ಭಾನುವಾರ, ಇವರು ಬರದೆ ಮೂರು ಜನ. ಅವತ್ತು ಕಾರು ಓಡಿಸಿದ್ದು ನಾನು, ಹೆಮ್ಮೆಗೆ ಹೇಳಿಕೊಳ್ಳುತ್ತಿದ್ದೇನೆ. ಆಗಸ್ಟ್‌ನಲ್ಲಿ ಮಕ್ಕಳಿಬ್ಬರೇ ಅವರ ಮಾಮನ ಜೊತೆ. ನವೆಂಬರ್‌ನಲ್ಲಿ ಮತ್ತೆ ನಾಲ್ಕೂ ಜನ. ಟಿಕೆಟ್ ಲೆಕ್ಕದಲ್ಲಿ ಕೂಡಿಸಿದರೆ ₹23,050 ಆಗುತ್ತದೆ. ಹದಿನೆಂಟು ಸಾವಿರ ಕೊಟ್ಟು ಇಪ್ಪತ್ತಮೂರು ಸಾವಿರದ ಆಟ. ಐದು ಸಾವಿರ ಲಾಭ ಎಂದು ಇವರು ಮೀಸೆ ತಿರುವಿದರು.

ಈಗ ನನ್ನ ಲೆಕ್ಕ ಕೇಳಿ. ಇಲ್ಲಿಂದ ಹೋಗಿ ಬರಲು ಸುಮಾರು 380 ಕಿಲೋಮೀಟರ್. ನಮ್ಮ ಕಾರು ಲೀಟರಿಗೆ ಹದಿನಾರು ಕೊಡುತ್ತದೆ. ಪೆಟ್ರೋಲು, ಟೋಲು ಸೇರಿ ಮೂರು ಸಾವಿರದ ಹತ್ತಿರ. ಒಳಗೆ ಊಟ, ಲಾಕರ್, ಪಾರ್ಕಿಂಗ್ ಇನ್ನೊಂದು ಸಾವಿರದ ಐನೂರು. ಇವು ಯಾವುದೂ ಪಾಸಿನಲ್ಲಿ ಇಲ್ಲ. ನಾಲ್ಕು ಸಲ ಕಾರಿನಲ್ಲಿ ಹೋದದ್ದಕ್ಕೆ ಹದಿನೆಂಟು ಸಾವಿರ. ಮಕ್ಕಳು ರೈಲಿನಲ್ಲಿ ಹೋದ ಸಲಕ್ಕೆ ಒಂದು ಸಾವಿರ. ಪಾಸಿನ ದುಡ್ಡು ಸೇರಿಸಿದರೆ ವರ್ಷಕ್ಕೆ ₹37,000. ಪಾಸ್ ಇಲ್ಲದಿದ್ದರೆ ನಾವು ಹೆಚ್ಚೆಂದರೆ ಎರಡು ಸಲ ಹೋಗುತ್ತಿದ್ದೆವು. ಟಿಕೆಟ್, ಪೆಟ್ರೋಲ್, ಊಟ ಎಲ್ಲ ಸೇರಿ ₹20,400. ಐದು ಸಾವಿರ ಉಳಿಸಲು ಹದಿನಾರು ಸಾವಿರದ ಆರುನೂರು ಜಾಸ್ತಿ ಖರ್ಚು ಮಾಡಿದ್ದೇವೆ. ಈ ಚೀಟಿ ತೋರಿಸಿದ ಮೇಲೆ ಮೀಸೆ ಇಳಿಯಿತು.

ಇದಕ್ಕೆ ಎದುರಾಗಿ ಅದೇ ವರ್ಷ ತಗೊಂಡ ಇನ್ನೊಂದು ಪಾಸಿನ ಕಥೆ ಹೇಳುತ್ತೇನೆ. ಹೆದ್ದಾರಿ ಟೋಲಿನ ಫಾಸ್ಟ್ಯಾಗ್ ವಾರ್ಷಿಕ ಪಾಸ್, 2025ರ ಆಗಸ್ಟ್ 15ಕ್ಕೆ ಶುರುವಾಯಿತಲ್ಲ, ಅದು. ನಾವು ತಗೊಂಡಾಗ ₹3,000 ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ಶಾಂತಿಗ್ರಾಮದಿಂದ ಹಿಡಿದು ನೆಲಮಂಗಲದವರೆಗೆ ನಮ್ಮ ದಾರಿಯಲ್ಲಿ ಮೂರು ಟೋಲ್, ಹೋಗಿ ಬಂದರೆ ಆರು. ಇವರು ಸಾಮಾನು ತರಲು ತಿಂಗಳಿಗೆ ಎರಡು ಸಲ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುತ್ತಾರೆ. ವರ್ಷಕ್ಕೆ 144 ಸಲ ಟೋಲ್ ದಾಟುತ್ತಾರೆ. ಒಂದು ಸಲಕ್ಕೆ ಇಪ್ಪತ್ತೊಂದು ರೂಪಾಯಿಯೂ ಬೀಳುವುದಿಲ್ಲ. ಬೆಂಗಳೂರಿನ ಖಾಸಗಿ ಟೋಲಿನ ನೈಸ್ ರಸ್ತೆಗೆ ಅದು ನಡೆಯುವುದಿಲ್ಲ, ಅದೊಂದು ನೆನಪಿರಲಿ. ಆ ಪಾಸ್ ನಮ್ಮನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ, ಹೇಗಿದ್ದರೂ ಹೋಗುತ್ತಿದ್ದ ದಾರಿಯಲ್ಲಿ ದುಡ್ಡು ಉಳಿಸಿತು. ಪಾರ್ಕಿನ ಪಾಸ್ ಹಾಗಲ್ಲ. ಬೀರುವಿನಲ್ಲಿ ಕೂತು "ಯಾವಾಗ ಹೋಗ್ತೀರಿ" ಎಂದು ಕೇಳುತ್ತಲೇ ಇತ್ತು. ನವೆಂಬರ್‌ನಲ್ಲಿ ಹೋದದ್ದು ಹಾಗೇ. ಯಾರಿಗೂ ಮನಸ್ಸಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಅಕ್ಕಿರೊಟ್ಟಿ ಕಟ್ಟಿಕೊಂಡು, ಚನ್ನರಾಯಪಟ್ಟಣ ದಾಟುವವರೆಗೂ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ.

ಹಾಗಂತ ಸುಮ್ನೆ ಬೈಯುತ್ತಿಲ್ಲ. ಖುಷಿಯ ಮಾತೂ ಇದೆ. ಟಿಕೆಟ್ ಕೊಟ್ಟು ಹೋದಾಗ ಮಕ್ಕಳಿಗಿಂತ ನಮಗೇ ಅವಸರ. ಕೊಟ್ಟ ದುಡ್ಡಿಗೆ ಎಲ್ಲ ಆಟ ಆಡಿಸಬೇಕು ಎಂದು ಎಳೆದುಕೊಂಡು ಓಡುತ್ತಿದ್ದೆವು. ಪಾಸ್ ಇದ್ದಾಗ ಆ ಕಾಟ ಇಲ್ಲ. ಮಗನಿಗೆ ನೀರು ಸಾಕಾದರೆ ಎದ್ದು ಬಂದು ಮರದ ಕೆಳಗೆ ಕೂತೆವು. ಏಪ್ರಿಲ್‌ನಲ್ಲಿ ಬಿಸಿಲು ತಡೆಯದೆ ಮೂರು ಗಂಟೆಗೇ ಹೊರಟೆವು, ಯಾರೂ ಗೊಣಗಲಿಲ್ಲ. ನನಗೆ ಎತ್ತರದ ಆಟ ಆಗದು. ಪಾಸ್ ಇಟ್ಟುಕೊಂಡು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವುದೂ ಒಂದು ಸುಖ. ಕಾಫಿ ಚೆನ್ನಾಗಿರಲಿಲ್ಲ, ಚಿಕ್ಕಮಗಳೂರಿನವಳ ಬಾಯಿಗೆ ಅದನ್ನು ಕಾಫಿ ಎನ್ನಲೂ ಬಾರದು.

ಜೂನ್ ಭೇಟಿ ಎಲ್ಲಕ್ಕಿಂತ ಚೆನ್ನಾಗಿತ್ತು. ಸ್ಕೂಲು ಆಗ ತಾನೇ ಶುರುವಾಗಿತ್ತು. ಎಲ್ಲರ ದುಡ್ಡೂ ಫೀಸು, ಪುಸ್ತಕಕ್ಕೆ ಖಾಲಿ. ಮೋಡ ಬೇರೆ. ಫೆಬ್ರವರಿಯಲ್ಲಿ ರೋಲರ್ ಕೋಸ್ಟರ್ ಮುಂದೆ ಐವತ್ತು ನಿಮಿಷ ನಿಂತಿದ್ದೆವು, ಎರಡು ನಿಮಿಷದ ಆಟಕ್ಕೆ. ಜೂನ್‌ನಲ್ಲಿ ಮಗಳು ಇಳಿದು, ಸುತ್ತಿ ಬಂದು, ಮತ್ತೆ ಹತ್ತಿದಳು. ನಾಲ್ಕು ಸಲ. ಮಧ್ಯಾಹ್ನ ಗುಡುಗು ಬಂದಾಗ ಎತ್ತರದ ಆಟಗಳನ್ನೆಲ್ಲ ನಿಲ್ಲಿಸಿದರು. ಮಿಂಚು ಇದ್ದಾಗ ನಿಲ್ಲಿಸಲೇಬೇಕು, ಅದಕ್ಕೆ ಕೋಪ ಮಾಡಿಕೊಳ್ಳಬಾರದು. ದಿನದ ಟಿಕೆಟ್ ತಗೊಂಡವರ ಮುಖ ನೋಡಲಾಗುತ್ತಿರಲಿಲ್ಲ. ನಾವು ಮನೆಯಿಂದ ತಂದಿದ್ದ ಚಕ್ಕುಲಿ ತಿನ್ನುತ್ತಾ ಕೂತಿದ್ದೆವು. ಹೊರಗಿನ ತಿಂಡಿ ಒಳಗೆ ತರುವ ಹಾಗಿಲ್ಲ, ಆದರೆ ಅವತ್ತು ಬ್ಯಾಗಿನ ತಳದಲ್ಲಿ ಹೇಗೋ ಉಳಿದಿತ್ತು.

ಬಟ್ಟೆಯ ವಿಷಯ ಒಂದು ಹೇಳಬೇಕು. ನೀರಿನ ಆಟಕ್ಕೆ ಹತ್ತಿಯ ಬಟ್ಟೆ ಬಿಡುವುದಿಲ್ಲ, ನೈಲಾನ್ ಥರದ್ದೇ ಬೇಕು. ಹತ್ತಿಯ ಎಳೆ ಬಿಟ್ಟು ನೀರು ಸೋಸುವ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ಮೊದಲ ಸಲ ಗೊತ್ತಿಲ್ಲದೆ ಅಲ್ಲಿಯೇ ದುಬಾರಿಗೆ ತಗೊಂಡೆವು. ಹಾಸನದಲ್ಲೇ ತಗೊಂಡರೆ ಅರ್ಧಕ್ಕೆ ಸಿಗುತ್ತದೆ.

ಇನ್ನು ಕಿರಿಕಿರಿ. ಪಾಸಿನಲ್ಲಿ ಫೋಟೋ ಇರುತ್ತದೆ, ಬೇರೆಯವರಿಗೆ ಕೊಡಲು ಬರುವುದಿಲ್ಲ. ಅದು ನ್ಯಾಯವೇ. ಆದರೆ ಮಗಳು ಬೇಸಿಗೆಯಲ್ಲಿ ಕೂದಲು ಕತ್ತರಿಸಿಕೊಂಡಿದ್ದಳು. ಜೂನ್‌ನಲ್ಲಿ ಗೇಟಿನ ಹುಡುಗ "ಇದು ಇವರಲ್ಲ ಮೇಡಂ" ಎಂದ. ಆಧಾರ್ ಕಾರ್ಡ್ ಮನೆಯಲ್ಲಿತ್ತು. ಇವರಿಗೆ ಫೋನ್ ಮಾಡಿ, ಅವರು ಅಂಗಡಿಯಿಂದ ಮನೆಗೆ ಹೋಗಿ, ಫೋಟೋ ತೆಗೆದು ಕಳಿಸಿ, ಒಳಗೆ ಹೋಗುವಾಗ ನಲವತ್ತು ನಿಮಿಷ. ಕ್ಯೂ ಇಲ್ಲದ ದಿನ ಸಿಕ್ಕ ಲಾಭದಲ್ಲಿ ನಲವತ್ತು ನಿಮಿಷ ಗೇಟಿನಲ್ಲೇ ಹೋಯಿತು.

ಕ್ಯೂ ತಪ್ಪಿಸುವ ಟಿಕೆಟ್ ಬೇರೆ ಇದೆ. ವಾರ್ಷಿಕ ಪಾಸಿನವರಿಗೂ ಅದು ಬಿಟ್ಟಿ ಇಲ್ಲ. ಹಾಸನಾಂಬೆ ದರ್ಶನಕ್ಕೆ 300 ರೂಪಾಯಿ, 1,000 ರೂಪಾಯಿ ಟಿಕೆಟ್ ಇರುವ ಹಾಗೆ ಇಲ್ಲೂ ಒಂದು ಸಾಲು. ಧರ್ಮದರ್ಶನದ ಸಾಲಿನಲ್ಲಿ ನಿಂತು ಅಭ್ಯಾಸ ಇರುವವರು ನಾವು, ಅದಕ್ಕೆ ಹೋಗಲಿಲ್ಲ. ಬಾಗಿಲು ತೆರೆದ ಕೂಡಲೇ ದೊಡ್ಡ ಆಟಗಳ ಕಡೆಗೆ ಹೋಗಿ, ಮಧ್ಯಾಹ್ನ ನೀರಿಗೆ ಇಳಿದರೆ ಅರ್ಧ ಕ್ಯೂ ತಪ್ಪುತ್ತದೆ. ಹೆಚ್ಚಿನವರು ಬಂದ ಕೂಡಲೇ ನೀರಿಗೆ ಬೀಳುತ್ತಾರೆ.

ಆಗಸ್ಟ್ ಭೇಟಿಯೇ ನನ್ನ ಕಣ್ಣು ತೆರೆಸಿದ್ದು. ನನ್ನ ತಮ್ಮ ದಾಸರಹಳ್ಳಿಯಲ್ಲಿದ್ದಾನೆ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ರೈಲು 2017ರಲ್ಲಿ ಶುರುವಾದ ಮೇಲೆ ಯಶವಂತಪುರಕ್ಕೆ ಹೋಗುವುದು ಸುಲಭ. ನಾನು ಮಕ್ಕಳನ್ನು ಶುಕ್ರವಾರ ಸಂಜೆ ಅವನ ಮನೆಗೆ ಬಿಟ್ಟೆ. ಶನಿವಾರ ಪೂರ್ತಿ ಆಡಿದರು, ಭಾನುವಾರ ಮಧ್ಯಾಹ್ನದವರೆಗೆ ಮಲಗಿದರು. ಬೆಳಗಿನ ಜಾವ ಏಳುವುದಿಲ್ಲ, ರಾತ್ರಿ ಹನ್ನೊಂದೂವರೆಗೆ ಶಾಂತಿಗ್ರಾಮ ಟೋಲಿನಲ್ಲಿ ತೂಕಡಿಸುವುದಿಲ್ಲ. ಅಲ್ಲಿ ಉಳಿಯಲು ಒಂದು ಮನೆ, ಜೊತೆಗೆ ಹೋಗಲು ಬೇಸರಿಸದ ಒಬ್ಬ ಮಾಮ ಇದ್ದರೆ ಮಕ್ಕಳಿಗೆ ಮಾತ್ರ ಪಾಸ್ ತಗೊಳ್ಳಿ. ಅದೂ ಮಕ್ಕಳ ಎತ್ತರ ನೋಡಿಕೊಂಡು. ನಮ್ಮ ತಮ್ಮ ಈಗ ತನಗೂ ಹೆಂಡತಿಗೂ ಪಾಸ್ ಮಾಡಿಸಿದ್ದಾನೆ. ಅವರಿಗೆ ಅದು ಸರಿ. ನೆನಪಾದರೆ ಬುಧವಾರವೂ ಹೋಗಿ ಬರುತ್ತಾರೆ.

ಹಾಸನದಲ್ಲೇ ಇದ್ದು, ವರ್ಷಕ್ಕೊಂದು ದಿನ ನೀರಾಟ ಸಾಕು ಎನ್ನುವವರಿಗೆ ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಹತ್ತಿರ. ಸುಮಾರು 120 ಕಿಲೋಮೀಟರ್. ದಿನದ ಟಿಕೆಟ್ ತಗೊಂಡು ಹೋಗಿ ಬಂದುಬಿಡಬಹುದು.

ಐದಕ್ಕೆ ನಾನು ಕೊಡುವುದು ಎರಡೂವರೆ. ಪಾರ್ಕಿಗೆ ನಾಲ್ಕು ಕೊಡುತ್ತೇನೆ, ಪಾಸಿಗೆ ಎರಡೂವರೆ.

ಎತ್ತರದ ಮಾತು ಬಂತಲ್ಲ. ದೊಡ್ಡ ಆಟಗಳಿಗೆ 140 ಸೆಂಟಿಮೀಟರ್ ಇರಬೇಕು. ದಿನದ ಟಿಕೆಟಿನಲ್ಲಾದರೆ ಕುಳ್ಳ ಮಕ್ಕಳಿಗೆ ಕಡಿಮೆ ದರ. ಪಾಸಿನಲ್ಲಿ ಎಲ್ಲರಿಗೂ ಒಂದೇ. ಅಂದರೆ ಮಗ ದೊಡ್ಡವರಷ್ಟೇ ಕೊಟ್ಟು ಚಿಕ್ಕವರ ಆಟ ಆಡಿದ. ಪಾಸ್ ತಗೊಂಡಾಗ 134 ಇದ್ದ. ಪ್ರತಿ ಸಲವೂ ರೋಲರ್ ಕೋಸ್ಟರ್ ಮುಂದಿನ ಕೆಂಪು ಗೆರೆಯ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಹಿಮ್ಮಡಿ ಎತ್ತಿದರೆ ಅಲ್ಲಿಯವನು ನಕ್ಕು ಭುಜ ಒತ್ತುತ್ತಿದ್ದ. ನವೆಂಬರ್‌ನಲ್ಲಿ 138. ಕಾರಿನಲ್ಲಿ ಮನೆವರೆಗೂ ಅತ್ತ.

ಮೊನ್ನೆ ಭಾನುವಾರ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಅವನೇ ಪೆನ್ಸಿಲ್ ಗೆರೆ ಎಳೆದು, ಟೇಪ್ ಹಿಡಿದು ನನ್ನನ್ನು ಕರೆದ. ನೂರ ನಲವತ್ತಕ್ಕೆ ಒಂದು ಕೂದಲೆಳೆ ಮೇಲೆ. "ಅಮ್ಮಾ, ಪಾಸ್ ಇದೆ ಅಲ್ವಾ?" ಎಂದ. ಮುಗಿದು ಮೂರು ವಾರ ಆಯ್ತು ಮಗನೇ ಎಂದೆ. ಜೂನ್‌ನಲ್ಲಿ ಒಂದು ಭಾನುವಾರಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ. ಟಿಕೆಟ್ ತಗೊಂಡೇ ಹೋಗುತ್ತೇವೆ.