ಇಂಗ್ಲಿಷ್ ಓಡುತ್ತದೆ, ಒತ್ತಕ್ಷರ ಎಡವುತ್ತದೆ

ನಾನು ದುಡ್ಡು ಕೊಟ್ಟು ತಗೊಂಡ ಒಂದು ಇಂಗ್ಲಿಷ್ ಫಾಂಟಿನ ವಿಮರ್ಶೆ ಇದು. ಅದು ಹೇಗಿದೆ ಅಂತ ಮಾರುವ ಪುಟದ ಚಿತ್ರದಲ್ಲೇ ಕಾಣುತ್ತದೆ, ದಪ್ಪ, ಬಲಕ್ಕೆ ವಾಲಿದ, ಮೂಲೆ ಮೂಲೆಯ ಅಕ್ಷರ. ಅದನ್ನು ಬಿಡಿ. ದಾವಣಗೆರೆಯಲ್ಲಿ ನನ್ನದು ಫ್ಲೆಕ್ಸ್ ಮತ್ತು ರೇಡಿಯಂ ಕಟಿಂಗ್ ಅಂಗಡಿ, ಅಂದರೆ ಬ್ಯಾನರ್ ಅಚ್ಚು ಹಾಕುವುದು, ಸ್ಟಿಕ್ಕರ್ ಹಾಳೆಯಲ್ಲಿ ಅಕ್ಷರ ಕತ್ತರಿಸುವುದು. ಟೆನಿಸ್ ಬಾಲ್ ಟೂರ್ನಮೆಂಟ್ ಸೀಸನ್ ಶುರುವಾದರೆ ಬ್ಯಾನರ್, ಜೆರ್ಸಿ, ಬೈಕ್ ಸ್ಟಿಕ್ಕರ್ ಎಲ್ಲದಕ್ಕೂ ಹುಡುಗರು ಇದನ್ನೇ ಕೇಳುತ್ತಾರೆ. "ಅಣ್ಣಾ, ಆ ಓಡೋ ಥರ ಇರೋ ಅಕ್ಷರ ಹಾಕಿ."

ನನಗೆ ಇದು ಇಷ್ಟವಾಗಿದ್ದು ಕಟಿಂಗ್‌ನಲ್ಲಿ. ಇದನ್ನು ನಾನು ಎಣಿಸಿರಲೇ ಇಲ್ಲ. ಗೆರೆಗಳು ನೇರ, ಒಳಗಿನ ಖಾಲಿ ಜಾಗ ದೊಡ್ಡದು, ಹಾಗಾಗಿ ಬ್ಲೇಡ್ ಎಲ್ಲೂ ತಡವರಿಸುವುದಿಲ್ಲ, ಅಕ್ಷರದ ಸುತ್ತಲಿನ ಬೇಡದ ವಿನೈಲ್ ಹಾಳೆಯನ್ನು ಒಂದು ಮೂಲೆ ಹಿಡಿದು ಎಳೆದರೆ ಸಲೀಸಾಗಿ ಎದ್ದು ಬರುತ್ತದೆ. ಬೆಳಿಗ್ಗೆ ಶಟರ್ ಎತ್ತಿ, ಎದುರಿನ ಅಂಗಡಿಯಿಂದ ಟೀ ಬರುವಷ್ಟರಲ್ಲಿ ರಾತ್ರಿ ಕತ್ತರಿಸಿಟ್ಟ ಜೆರ್ಸಿ ನಂಬರ್‌ಗಳನ್ನು ಬಿಡಿಸಿ ಟೇಬಲ್ ಮೇಲೆ ಸಾಲಾಗಿ ಇಡುವುದು ನನಗೆ ತುಂಬಾ ಖುಷಿಯ ಕೆಲಸ. ಧೋನಿಯ 7, ಕೊಹ್ಲಿಯ 18, ಇವೆರಡೇ ಜಾಸ್ತಿ. ಆ 7 ಅಂತೂ ಸುಮ್ನೆ ನೋಡುತ್ತಾ ಕೂರಬೇಕು, ಹಾಗಿದೆ.

ತಲೆನೋವು ಕನ್ನಡದ ಸಾಲು ಬಂದಾಗ. ಇದರಲ್ಲಿ ಕನ್ನಡ ಇಲ್ಲ, ಗೊತ್ತಿದ್ದೇ ತಗೊಂಡೆ. ಆದರೆ ಪಕ್ಕದಲ್ಲಿ ಕೂರಿಸಲು ಕನ್ನಡದ್ದೊಂದು ಬೇಕಲ್ವಾ? ನಾನು ಅನೇಕ್ ಕನ್ನಡ ಅನ್ನುವ ಫಾಂಟಿನ ದಪ್ಪ ರೂಪ ಬಳಸುತ್ತೇನೆ. ಪುಕ್ಕಟೆ, ಅಕ್ಷರದ ಅಗಲವನ್ನೂ ಬೇಕಾದ ಹಾಗೆ ಹಿಗ್ಗಿಸಬಹುದು. ವಾಲಿದ ರೂಪ ಮಾತ್ರ ಇಲ್ಲ, ಕೋರಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ನಾವೇ ವಾಲಿಸಬೇಕು. "ದಾವಣಗೆರೆ" ಆದರೆ ಚಿಂತೆಯಿಲ್ಲ, ಒಂದೂ ಒತ್ತಕ್ಷರ ಇಲ್ಲ. "ಚಿತ್ರದುರ್ಗ" ಬಂದರೆ ಶುರು. ಮೇಲಿನ ಭಾಗ ಬಲಕ್ಕೆ ವಾಲಿದಷ್ಟೂ ಸಾಲಿನ ಕೆಳಗಿರುವುದು ಎಡಕ್ಕೆ ಸರಿಯುತ್ತದೆ, ತಕಾರದ ಅಡಿಯ ರ ಒತ್ತು ಚಿ ಕಡೆಗೆ ಜಾರುತ್ತದೆ. ತಂಡದ ಹೆಸರಲ್ಲಿ "ಸ್ಟ್ರೈಕರ್ಸ್" ಇದ್ದರೆ ಮುಗೀತು ಕಥೆ. ಸ ಕೆಳಗೆ ಟ, ಅದರ ಜೊತೆ ರ, ಸಾಲದ್ದಕ್ಕೆ ಐತ್ವದ ಬಾಲ. ಅಕ್ಷರವನ್ನು ಕರ್ವ್ ಮಾಡಿ (ಅಂದರೆ ಬರೀ ಗೆರೆಯ ಆಕಾರವಾಗಿಸಿ), ಬಿಡಿಬಿಡಿ ಮಾಡಿ, ಒಂದೊಂದೇ ಒತ್ತನ್ನು ಬಲಕ್ಕೆ ತಳ್ಳಿ, ದುಂಡಗಿರುವ ಕಡೆ ಮೂಲೆ ಕೊಯ್ದು ಇಂಗ್ಲಿಷ್‌ಗೆ ಹೊಂದಿಸುವ ಹೊತ್ತಿಗೆ "ಆಯ್ತಾ ಅಣ್ಣಾ?" ಅಂತ ಫೋನ್ ಬಂದಿರುತ್ತದೆ. ಫ್ಲೆಕ್ಸ್‌ಗೆ ದುಡ್ಡು ಸ್ಕ್ವೇರ್ ಫೂಟ್ ಲೆಕ್ಕ. ಒತ್ತು ತಳ್ಳಿದ್ದಕ್ಕೆ ಯಾರು ಕೊಡುತ್ತಾರೆ?

ಇಂಗ್ಲಿಷ್ ಫಾಂಟ್ ಮೇಲೆ ಇದನ್ನೆಲ್ಲ ಹೊರಿಸುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ₹ ಕೂಡ ಇಲ್ಲ ಅಂದರೆ? 2010ರಲ್ಲೇ ಬಂದ ಚಿಹ್ನೆ ಅದು. ಬಹುಮಾನದ ಮೊತ್ತ ಹಾಕದ ಟೂರ್ನಮೆಂಟ್ ಬ್ಯಾನರ್ ನಮ್ಮ ಕಡೆ ಇಲ್ಲವೇ ಇಲ್ಲ, ಮತ್ತು ಅಲ್ಲಿ ಬರುವುದು ಖಾಲಿ ಚೌಕ. ಕೊನೆಗೆ ಇದೇ ಫಾಂಟಿನ ಆರ್ ಅಕ್ಷರದ ಕಂಬ ಕಿತ್ತು, ಎರಡು ಅಡ್ಡಗೆರೆ ಎಳೆದು ನಾನೇ ಒಂದು ಮಾಡಿಟ್ಟುಕೊಂಡಿದ್ದೇನೆ. ಚೆನ್ನಾಗಿಯೇ ಬಂದಿದೆ.

ಜೆರ್ಸಿ, ರೇಡಿಯಂ ಕೆಲಸವೇ ಜಾಸ್ತಿ ಇರುವವರು ಕಣ್ಣುಮುಚ್ಚಿ ತಗೊಳ್ಳಿ. ಕನ್ನಡ ಬ್ಯಾನರ್ ಮಾಡುವವರು ಆಫರ್ ಬರುವವರೆಗೆ ಕಾಯಿರಿ, ಪೂರ್ತಿ ಬೆಲೆಗೆ ನಾನಂತೂ ಮತ್ತೆ ಕೊಳ್ಳಲ್ಲ. ಸದ್ಯಕ್ಕೆ ಮೂರು ಸ್ಟಾರ್. ₹ ಸೇರಿಸಿದರೆ ಇನ್ನೊಂದು ಕೊಡುತ್ತೇನೆ.