ಹಳೆಯ 407ಕ್ಕೆ ಯಾವ ಯು ಬೋಲ್ಟ್? ಗುಜರಿ, ಕುಲುಮೆ, ಕಂಪನಿ ಮೂರನ್ನೂ ಹಾಕಿ ನೋಡಿದೆ

ನನ್ನ ಹಳೆಯ ಟಾಟಾ 407 ಲಾರಿಯಲ್ಲಿ ಭರಮಸಾಗರದಿಂದ ದಾವಣಗೆರೆಗೆ ಮೆಕ್ಕೆಜೋಳ ತುಂಬಿಕೊಂಡು ಹೊರಟಿದ್ದೆ. ಹೈವೇ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಟೇರಿಂಗ್ ನೆಟ್ಟಗೆ ಹಿಡಿದರೂ ಗಾಡಿ ಬಲಕ್ಕೆ ಎಳೆಯತೊಡಗಿತು. ಪಕ್ಕಕ್ಕೆ ಹಾಕಿ ಇಳಿದು ನೋಡಿದೆ. ಎಡಗಡೆ ಹಿಂದಿನ ಚಕ್ರ ಎರಡು ಬೆರಳಿನಷ್ಟು ಹಿಂದಕ್ಕೆ ಸರಿದಿತ್ತು. ಪಾಟಾಗಳನ್ನು, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳನ್ನು, ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾಗಿತ್ತು.

ಹೊಸ ಸೆಂಟರ್ ಬೋಲ್ಟ್ ಹಾಕಿಸಿದೆ. ಎರಡು ತಿಂಗಳಿಗೆ ಅದೂ ಹೋಯಿತು. ಆಮೇಲೆ ಇನ್ನೂ ಗಟ್ಟಿಯದು ಹಾಕಿಸಿದೆ. ಅದೂ ಹೋಯಿತು. ಕೊನೆಗೆ ದಾವಣಗೆರೆಯ ಪಿ.ಬಿ. ರೋಡಿನ ಕಡೆ ಒಬ್ಬ ಹಳೆಯ ಮೇಸ್ತ್ರಿ ಗಾಡಿ ಕೆಳಗೆ ಮಲಗಿ, ಪಾನಾ ಹಾಕಿ ಒಂದು ಸಲ ಅಲ್ಲಾಡಿಸಿ ಎದ್ದು ಬಂದರು. "ಸೆಂಟರ್ ಬೋಲ್ಟ್ ಹೋಗೈತಿ ಅಂದ್ರ ಅದ್ರ ತಪ್ಪಲ್ಲ ಅಣ್ಣಾರೆ. ಯು ಬೋಲ್ಟ್ ಸಡಿಲ ಬಿಟ್ಟೀರಿ. ಪಾಪ ಅದೊಂದೇ ಎಷ್ಟಂತ ತಡಿತತಿ?" ಅಂದರು.

ಇದು ಗೊತ್ತಿಲ್ಲದೆ ನನ್ನ ಹಾಗೆ ದುಡ್ಡು ಕಳೆದುಕೊಂಡವರು ಬಹಳ ಜನ ಇದ್ದಾರೆ. ಸೆಂಟರ್ ಬೋಲ್ಟ್ ಇರುವುದು ಪಾಟಾಗಳನ್ನು ಸಾಲಾಗಿ ಇಡುವುದಕ್ಕೆ, ಆಕ್ಸಲ್ ಕೂರುವ ಜಾಗ ತೋರಿಸುವುದಕ್ಕೆ. ಆಕ್ಸಲನ್ನು ಅಲ್ಲಾಡದಂತೆ ಹಿಡಿಯುವುದು, ಪಾಟಾಗಳನ್ನೂ ಆಕ್ಸಲನ್ನೂ ಸೇರಿಸಿ ಕಟ್ಟುವ U ಆಕಾರದ ಯು ಬೋಲ್ಟುಗಳ ಬಿಗಿ. ಆ ಬಿಗಿ ಹೋದರೆ ಪ್ರತಿ ಬ್ರೇಕಿಗೂ ಪ್ರತಿ ಗುಂಡಿಗೂ ಹೊಡೆತವೆಲ್ಲ ಆ ಒಂದು ಸಣ್ಣ ಬೋಲ್ಟಿನ ಮೇಲೆ. ಹಾಗಾಗಿ ಆವತ್ತಿನಿಂದ ಸೆಂಟರ್ ಬೋಲ್ಟ್ ಹುಡುಕುವುದನ್ನು ಬಿಟ್ಟು ಯು ಬೋಲ್ಟಿನ ಹಿಂದೆ ಬಿದ್ದೆ.

ಮೊದಲು ಹೋಗಿದ್ದು ಗುಜರಿಗೆ. ಮುರಿದು ಹಾಕಿದ ಇನ್ನೊಂದು 407ರ ಒರಿಜಿನಲ್ ಬೋಲ್ಟುಗಳು ಸಿಕ್ಕವು. ಒರಿಜಿನಲ್ ಅಂದರೆ ಒರಿಜಿನಲ್ಲೇ ಅಲ್ವಾ, ಅಂದುಕೊಂಡೆ. ಅಲ್ಲ. ಒಮ್ಮೆ ಪೂರ್ತಿ ಬಿಗಿದು ವರ್ಷಗಟ್ಟಲೆ ದುಡಿದ ಬೋಲ್ಟ್ ಹಿಗ್ಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಥ್ರೆಡ್ ಉಜ್ಜಿ ತೊಳೆದು ಹೊಸ ನಟ್ಟನ್ನು ಬೆರಳಲ್ಲೇ ತಿರುಗಿಸಿ ನೋಡಿ. ತುದಿಯಲ್ಲಿ ಸಲೀಸಾಗಿ ಹೋಗಿ ನಡುವೆ ಒಂದು ಕಡೆ ಹಿಡಿದುಕೊಂಡರೆ ಅಲ್ಲಿ ಥ್ರೆಡ್ ಎಳೆದಿದೆ ಅಂತ ಅರ್ಥ. ಇನ್ನೊಂದು ದಾರಿ ಇದೆ. ಹೊಸ ಬೋಲ್ಟಿನ ಥ್ರೆಡ್ಡಿಗೆ ಹಳೆಯದನ್ನು ಒತ್ತಿ ಹಿಡಿದು ಬೆಳಕಿಗೆ ನೋಡುವುದು. ಎರಡೂ ಹಲ್ಲು ಹಲ್ಲಿಗೆ ಕೂರಬೇಕು. ನನ್ನ ನಾಲ್ಕರಲ್ಲಿ ಮೂರು ಈ ಪರೀಕ್ಷೆಯಲ್ಲಿ ಫೇಲು. ಅದು ಗೊತ್ತಾಗಿದ್ದು ಹಾಕಿ, ಓಡಿಸಿ, ಸಡಿಲಾಗಿ, ಬಿಚ್ಚಿದ ಮೇಲೆ. ಅವುಗಳಲ್ಲಿ ಎರಡನ್ನು ಈಗ ಕೊಟ್ಟಿಗೆ ಗೋಡೆಗೆ ಹೂತು ಎಮ್ಮೆ ಕಟ್ಟುತ್ತೇವೆ. ಆ ಕೆಲಸಕ್ಕೆ ಬಹಳ ಚೆನ್ನಾಗಿವೆ.

ಎರಡನೆಯದು ಕುಲುಮೆಯಲ್ಲಿ ಮಾಡಿಸಿದ್ದು. ಸರಳು ಕಾಯಿಸಿ ಬಗ್ಗಿಸಿ, ಡೈ ಹಾಕಿ ಥ್ರೆಡ್ ಕೊಯ್ದು, ಅರ್ಧ ದಿನದಲ್ಲಿ ಕೈಗಿಡುತ್ತಾರೆ. ಬೆಲೆ ಕಡಿಮೆ, ಅಳತೆ ಹೇಳಿದಂತೆ. ಎತ್ತಿನ ಗಾಡಿಗೋ ಟ್ರ್ಯಾಕ್ಟರ್ ಟ್ರೇಲರಿನ ಸಣ್ಣ ಕೆಲಸಕ್ಕೋ ನಾನೂ ಅಲ್ಲಿಗೇ ಹೋಗುತ್ತೇನೆ. ಲಾರಿಗೆ ಮೂರು ತೊಂದರೆ ಕಂಡೆ. ಸರಳು ಯಾವ ಉಕ್ಕು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ವೇಳೆ ಒಳ್ಳೆಯ ಉಕ್ಕೇ ಆಗಿದ್ದರೂ ಕೆಂಪಗೆ ಕಾಯಿಸಿ ಸುಮ್ನೆ ಆರಲು ಬಿಟ್ಟರೆ ಕಾರ್ಖಾನೆಯಲ್ಲಿ ಕೊಟ್ಟ ಗಡಸುತನ ಹೋಗಿಬಿಡುತ್ತದೆ. ಇನ್ನು ಕೊಯ್ದ ಥ್ರೆಡ್, ಒತ್ತಿ ಉರುಳಿಸಿ ಮಾಡಿದ ಥ್ರೆಡ್ಡಿನಷ್ಟು ದಿನ ಅದುರಾಟ ತಡೆಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಬಗ್ಗು. ಮೂಲೆಯಲ್ಲಿ ಒಂದು ಗೋಧಿ ಕಾಳಿನಷ್ಟು ಸಂದಿ ಇತ್ತು. ಲೋಡ್ ಬಿದ್ದ ಮೇಲೆ ಆ ಸಂದಿ ಕುಸಿದು ಕೂತಿತು, ಅಷ್ಟೇ ಬಿಗಿ ಹೋಯಿತು. ಜಗಳೂರು ಕಡೆಯ ಮಣ್ಣು ರಸ್ತೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬಿಗಿದು ಬಿಗಿದು ಸಾಕಾಯಿತು.

ಮೂರನೆಯದು ಕಂಪನಿ ಬಿಡಿಭಾಗ. ಕುಲುಮೆಯದಕ್ಕಿಂತ ಮೂರು ಪಟ್ಟಿನ ಹತ್ತಿರ ದುಡ್ಡು ಹೋಯಿತು. ನಟ್ಟು, ವಾಷರ್ ಜೊತೆಗೇ ಬಂದವು. ಬಗ್ಗು ಆಕ್ಸಲಿನ ಮೇಲೆ ಕೈಗವಸಿನ ಹಾಗೆ ಕೂತಿತು. ಇವು ಹಾಕಿ ಎರಡು ಮೆಕ್ಕೆಜೋಳದ ಸುಗ್ಗಿ, ಒಂದು ಈರುಳ್ಳಿ ಸುಗ್ಗಿ ಮುಗಿದಿದೆ. ಸೆಂಟರ್ ಬೋಲ್ಟ್ ಹಾಗೇ ಇದೆ. ನನ್ನ ಓಟು ಇದಕ್ಕೇ. ದುಡ್ಡಿನ ಮಾತು ಬಂದರೆ, ಮುರಿದ ಮೂರು ಸೆಂಟರ್ ಬೋಲ್ಟುಗಳ ಕೂಲಿ ಮತ್ತು ನಿಂತುಹೋದ ಬಾಡಿಗೆ ಲೆಕ್ಕ ಹಾಕಿದಾಗ ಇದೇ ಅಗ್ಗ ಬಿದ್ದಿತ್ತು.

ಯು ಬೋಲ್ಟ್ ಬಿಟ್ಟು ಉಳಿದ ಬೋಲ್ಟುಗಳ ಕತೆ ಬೇರೆ. ಶಾಕ್ ಅಬ್ಸಾರ್ಬರಿಗೆ, ಬ್ರಾಕೆಟ್ಟಿಗೆ ಎಲ್ಲ ಹಾರ್ಡ್‌ವೇರ್ ಅಂಗಡಿಯಿಂದಲೇ ತರಬಹುದು. ಆದರೆ "ಹೈ ಟೆನ್ಶನ್ ಬೋಲ್ಟ್ ಕೊಡಿ" ಅಂದರೆ ಸಾಲದು, ತಲೆ ನೋಡಬೇಕು. 8.8 ಅಂತಲೋ 10.9 ಅಂತಲೋ ಅಚ್ಚು ಇರಬೇಕು, ಪಕ್ಕದಲ್ಲಿ ತಯಾರಕರ ಗುರುತೂ ಇರಬೇಕು. ತಲೆ ಬೋಳಾಗಿದ್ದರೆ ಅದನ್ನು ಬಾಗಿಲ ಚಿಲಕಕ್ಕೆ ಹಾಕಿಕೊಳ್ಳಿ.

ಆ ಅಂಕಿಯ ಲೆಕ್ಕ ಸುಲಭ. 8.8ರಲ್ಲಿ ಮೊದಲ 8 ಅಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 80 ಕೆಜಿ ಎಳೆತಕ್ಕೆ ತುಂಡಾಗುತ್ತದೆ. ಚುಕ್ಕಿಯ ನಂತರದ 8 ಅಂದರೆ ಅದರ ನೂರಕ್ಕೆ 80ರಷ್ಟಕ್ಕೆ ಹಿಗ್ಗಿ, ಮತ್ತೆ ಮೊದಲಿನ ಉದ್ದಕ್ಕೆ ಬರುವುದಿಲ್ಲ. 16 ಮಿಲಿಮೀಟರ್ ಬೋಲ್ಟಿನ ಥ್ರೆಡ್ ಜಾಗದಲ್ಲಿ ಲೆಕ್ಕಕ್ಕೆ ಬರುವುದು 157 ಚದರ ಮಿಲಿಮೀಟರ್. ಗುಣಿಸಿದರೆ 8.8ಕ್ಕೆ ಹನ್ನೆರಡೂವರೆ ಟನ್, 10.9ಕ್ಕೆ ಸುಮಾರು 16 ಟನ್. ನಟ್ಟಿಗೂ ದರ್ಜೆ ಇದೆ. 8.8ಕ್ಕೆ 8ರ ನಟ್ಟು, 10.9ಕ್ಕೆ 10ರದ್ದು. ಬೋಲ್ಟಿಗೆ ದುಡ್ಡು ಸುರಿದು ನಟ್ಟಿನಲ್ಲಿ ಐದು ರೂಪಾಯಿ ಉಳಿಸಿದರೆ ನಟ್ಟಿನ ಥ್ರೆಡ್ಡೇ ಕಿತ್ತು ಬರುತ್ತದೆ. ಥ್ರೆಡ್ಡಿನ ಅಂತರವನ್ನೂ ನೋಡಿಕೊಳ್ಳಿ. ಅದೇ 16ರಲ್ಲಿ 2 ಮಿಲಿಮೀಟರಿನ ದಪ್ಪ ಥ್ರೆಡ್ ಇದೆ, 1.5ರ ಸಣ್ಣ ಥ್ರೆಡ್ ಇದೆ. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಹಳೆಯ ಬೋಲ್ಟನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಹಾಗಾದರೆ 12.9 ಇನ್ನೂ ಒಳ್ಳೆಯದಲ್ವಾ? ನಾನೂ ಹಾಗೇ ಅಂದುಕೊಂಡು ಕರಿ ಬಣ್ಣದ ಅಲೆನ್ ಬೋಲ್ಟ್ ತಂದೆ. ತುಕ್ಕು ಹಿಡಿಯಬಾರದು ಅಂತ ಜಿಂಕ್ ಪ್ಲೇಟಿಂಗ್ ಬೇರೆ ಮಾಡಿಸಿದೆ. ಬ್ರಾಕೆಟ್ಟಿಗೆ ಬಿಗಿದು ಮನೆ ಮುಂದೆ ನಿಲ್ಲಿಸಿದ್ದೆ. ರಾತ್ರಿ ಟಣ್ ಅಂತ ಸದ್ದು. ಬೆಳಗ್ಗೆ ನೋಡಿದರೆ ಒಂದು ಬೋಲ್ಟಿನ ತಲೆ ಅಂಗಳದಲ್ಲಿ ಬಿದ್ದಿತ್ತು! ಗಾಡಿ ಓಡಿಯೇ ಇಲ್ಲ. ಆಮೇಲೆ ತಿಳಿದಿದ್ದು, ಪ್ಲೇಟಿಂಗಿಗೆ ಮುಂಚೆ ಆಸಿಡ್ಡಿನಲ್ಲಿ ಅದ್ದುವಾಗ ಮತ್ತು ಪ್ಲೇಟಿಂಗ್ ಆಗುವಾಗ ಹೈಡ್ರೋಜನ್ ಉಕ್ಕಿನ ಒಳಗೆ ಸೇರುತ್ತದೆ. ಉಕ್ಕು ಗಡಸಾದಷ್ಟೂ ಅದರಿಂದ ಪೆಡಸಾಗುತ್ತದೆ. ಬಿಗಿದ ಕೆಲವು ಗಂಟೆಗಳ ನಂತರ ತನ್ನಷ್ಟಕ್ಕೆ ಸೀಳುತ್ತದೆ. ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿ ಹತ್ತಿರ ಗಂಟೆಗಟ್ಟಲೆ ಬೇಯಿಸಬೇಕಂತೆ. ನಮ್ಮ ಬೀದಿಯ ಪ್ಲೇಟಿಂಗಿನಲ್ಲಿ ಅದನ್ನೆಲ್ಲ ಯಾರು ಮಾಡುತ್ತಾರೆ? 12.9ರ ಸಹವಾಸ ಬಿಟ್ಟೆ.

ಸ್ಟೇನ್‌ಲೆಸ್ ಬಗ್ಗೆ ಒಂದೇ ಮಾತು. ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯದು ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಆದರೆ 8.8ಕ್ಕಿಂತ ಮೆತ್ತಗೆ. ಬಿಗಿಯುವಾಗ ನಟ್ಟು ಬೋಲ್ಟು ಒಂದಕ್ಕೊಂದು ಅಂಟಿ ಹಿಡಿದುಕೊಳ್ಳುವುದೂ ಉಂಟು. ನಂಬರ್ ಪ್ಲೇಟಿಗೆ ಹಾಕಿ.

ಸಡಿಲಾಗದಂತೆ ಏನು ಹಾಕಬೇಕು ಅನ್ನುವುದರಲ್ಲಿ ಮೇಸ್ತ್ರಿಗೂ ನನಗೂ ಇನ್ನೂ ಜಗಳ ಇದೆ. ಅವರು ಸ್ಪ್ರಿಂಗ್ ವಾಷರ್ ಪಕ್ಷ. ನಾನು ಯು ಬೋಲ್ಟಿಗೆ ಗಡಸು ಚಪ್ಪಟೆ ವಾಷರ್ ಪಕ್ಷ. ಅಷ್ಟು ಬಿಗಿಯಲ್ಲಿ ಸ್ಪ್ರಿಂಗ್ ವಾಷರ್ ಪೂರ್ತಿ ಚಪ್ಪಟೆಯಾಗಿ ಕೂರುತ್ತದೆ, ಇನ್ನು ಸ್ಪ್ರಿಂಗ್ ಎಲ್ಲಿ ಬಂತು? ಶಾಕ್ ಅಬ್ಸಾರ್ಬರಿಗೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟು ಹಾಕುತ್ತೇನೆ. ಒಮ್ಮೆ ಬಿಚ್ಚಿದರೆ ಎಸೆದು ಹೊಸದು. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ನೆಲದ ಮೇಲೆ ಇದ್ದು, ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಬಿಗಿಯಬೇಕು. ಜಾಕಿ ಮೇಲೆ ಬಿಗಿದರೆ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ.

ಬಿಗಿಯುವುದಕ್ಕೆ ನನ್ನ ಹತ್ತಿರ ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಿಂದ ತಿರುಗಿಸುತ್ತಿದ್ದೇವೆ ಅಂತ ಅಳೆಯುವ ಪಾನಾ, ಇರಲಿಲ್ಲ. ಪಾನಾಕ್ಕೆ ಪೈಪ್ ಸಿಕ್ಕಿಸಿ ಇಬ್ಬರು ನೇತಾಡುವುದು ನಮ್ಮ ಕಡೆಯ ಟಾರ್ಕ್! 16ರ 8.8 ಬೋಲ್ಟಿಗೆ ಬೇಕಾಗುವುದು ಸುಮಾರು ಒಂದು ಮೀಟರ್ ಉದ್ದದ ಪೈಪಿನ ತುದಿಯಲ್ಲಿ 22 ಕೆಜಿ ಭಾರದಷ್ಟು. ಇಬ್ಬರು ನೇತಾಡಿದರೆ ಎಷ್ಟಾಯಿತು ನೋಡಿ. ಅದೂ ಒಣ ಥ್ರೆಡ್ಡಿಗೆ. ಎಣ್ಣೆ ಹಚ್ಚಿದ್ದರೆ ಅದೇ ಬಲಕ್ಕೆ ಬೋಲ್ಟ್ ಇನ್ನೂ ಜಾಸ್ತಿ ಹಿಗ್ಗುತ್ತದೆ. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಈಗ ಮೂವರು ಸೇರಿ ಒಂದು ರೆಂಚ್ ತಂದಿದ್ದೇವೆ. ಅದು ಯಾವಾಗಲೂ ಇನ್ನೊಬ್ಬರ ಮನೆಯಲ್ಲಿರುತ್ತದೆ ಅನ್ನುವುದು ಬೇರೆ ಮಾತು.

ಕಂಪನಿ ಬೋಲ್ಟನ್ನೂ ಒಮ್ಮೆ ಬಿಗಿದು ಮರೆಯುವಂತಿಲ್ಲ. ಪಾಟಾಗಳ ನಡುವಿನ ಬಣ್ಣ, ತುಕ್ಕು ಎಲ್ಲ ಒತ್ತಿಕೊಂಡು ಕೂರುತ್ತವೆ. ನಾನು ಮೊದಲ ಲೋಡ್ ಇಳಿಸಿದ ದಿನವೇ ಒಮ್ಮೆ, 500 ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬಿಗಿದೆ. ಎರಡನೇ ಸಲ ನಟ್ಟು ಕಾಲು ಸುತ್ತಿನಷ್ಟು ತಿರುಗಿತು. ಮೂರನೇ ಸಲ ಅಲ್ಲಾಡಲಿಲ್ಲ. ಆಗ ನಟ್ಟಿನ ಮೇಲಿಂದ ಪ್ಲೇಟಿನವರೆಗೆ ಬಿಳಿ ಬಣ್ಣದ ಗೆರೆ ಎಳೆದೆ. ಈಗ ಲೋಡ್ ಮಾಡುವಾಗ ಬಗ್ಗಿ ಆ ಗೆರೆ ನೋಡಿದರೆ ಸಾಕು. ಮುಂದಿನ ಚಕ್ರಗಳ ಕಡೆ ಇನ್ನೂ ಹಳೆಯ ಬೋಲ್ಟುಗಳೇ ಇವೆ. ಈ ಸಲದ ಜೋಳದ ಬಾಡಿಗೆ ಕೈಗೆ ಬಂದ ಮೇಲೆ ಅವನ್ನೂ ಬಿಚ್ಚಿಸಬೇಕು.